ನೋಡು, ತೆಗೆ: ಫೋನಿನಲ್ಲಿ ಹೇಳಿ ಹೊಡೆಸಲು ಬರುವ ಎರಡು ಸ್ಕ್ರಿಪ್ಟ್

ಬೆಳಗಾವಿಯಲ್ಲಿ ಕುಳಿತು ಜಮಖಂಡಿ, ಇಂಡಿ, ಇಳಕಲ್ ಕಡೆಯ ಪತ್ತಿನ ಸಂಘಗಳ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು ಸಾಮಾನ್ಯ ದಿನಗಳಲ್ಲಿ ದೂರದಿಂದಲೇ ಒಳಹೊಕ್ಕು ಕೆಲಸ ಮುಗಿಸುತ್ತಾರೆ. ನೆಟ್ ಬಿದ್ದ ದಿನ ಆ ತುದಿಯಲ್ಲಿ ಉಳಿಯುವುದು ಒಬ್ಬ ಕ್ಯಾಷಿಯರ್, ಒಂದು ಕೀಬೋರ್ಡ್. ಉದ್ದನೆಯ ಕಮಾಂಡ್ ಫೋನಿನಲ್ಲಿ ಹೇಳಿ ಹೊಡೆಸಿದವರಿಗೆ ಅದರ ಪಾಡು ಗೊತ್ತು. ಹಾಗಾಗಿ ಆ ಕಡೆಯವರು ಹೊಡೆಯಬೇಕಾದ್ದು ಒಂದೇ ಪದ, ಓದಿ ಹೇಳಬೇಕಾದ್ದು ನಾಲ್ಕೈದು ಅಂಕಿ, ಇಷ್ಟರಲ್ಲಿ ಮುಗಿಯುವಂತೆ ಸ್ಕ್ರಿಪ್ಟನ್ನು (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಮೊದಲೇ ಬರೆದಿಡಬೇಕು. ಇಲ್ಲಿ ಕಮಾಂಡುಗಳನ್ನು ಫೋನಿನಲ್ಲಿ ಉಚ್ಚರಿಸುವ ಹಾಗೇ ಬರೆದಿದೆ. ಹೊಡೆಯುವಾಗ ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರ.

ಮೊದಲು ಹೆಸರು. ‘ನೋಡು’ ಮತ್ತು ‘ತೆಗೆ’ ಸಾಕು: ಒಂದು ಸ್ಥಿತಿ ಹೇಳುತ್ತದೆ, ಇನ್ನೊಂದು ಬ್ಯಾಕಪ್ ತೆಗೆಯುತ್ತದೆ. ‘ಉಳಿಸು’ ಎಂದಿಡುವ ಆಸೆಯಾಗುತ್ತದೆ, ಬೇಡ. ಅದರಲ್ಲಿ ಎಲ್ ಇದೆ. ಪರದೆಯ ಮೇಲೆ ಎಲ್, ಐ, ಒಂದು ಮೂರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಹೆಸರು ಖಚಿತ ಮಾಡುವ ಮುಂಚೆ ‘ಟೈಪ್’ ಎಂದು ಹೊಡೆದು ಆ ಹೆಸರು ಕೊಟ್ಟು ನೋಡಿ. ‘ನಾಟ್ ಫೌಂಡ್’ ಬಂದರೆ ಬೇರೆ ಯಾವ ಕಮಾಂಡೂ ಆ ಹೆಸರಿನಲ್ಲಿಲ್ಲ. ಎರಡನ್ನೂ /ಯುಎಸ್‌ಆರ್/ಲೋಕಲ್/ಬಿನ್ ಒಳಗಿಡಿ. ಒಡೆತನ ರೂಟ್‌ನದು (ಸರ್ವರಿನ ಪೂರ್ಣ ಅಧಿಕಾರದ ಖಾತೆ), ಅನುಮತಿ 755 (ಓಡಿಸುವುದು ಎಲ್ಲರೂ, ತಿದ್ದುವುದು ಒಡೆಯ ಮಾತ್ರ). ಈ ಎರಡನ್ನು ಮಾತ್ರ ಪಾಸ್‌ವರ್ಡ್ ಇಲ್ಲದೆ ಸುಡೋ (ರೂಟ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಮೂಲಕ ಓಡಿಸುವಂತೆ ವಿಸುಡೋದಲ್ಲಿ (ಸುಡೋದ ನಿಯಮ ತಿದ್ದುವ ಕಮಾಂಡ್) ಬರೆಯಿರಿ. ರೂಟ್ ಪಾಸ್‌ವರ್ಡನ್ನು ಕೌಂಟರಿನ ಮುಂದೆ ಜನ ನಿಂತಾಗ ಫೋನಿನಲ್ಲಿ ಕೂಗಿ ಹೇಳುವ ಪ್ರಸಂಗ ತಪ್ಪುತ್ತದೆ.

ಅಕ್ಷರ ಹೇಳುವುದಕ್ಕೂ ಒಂದು ಪದ್ಧತಿ ಬೇಕು. ಬಿ, ಡಿ, ಪಿ, ಟಿ ಫೋನಿನಲ್ಲಿ ಒಂದೇ ಥರ ಕೇಳುತ್ತವೆ. ಊರ ಹೆಸರು ಹಿಡಿದರೆ ಯಾರಿಗೂ ತಪ್ಪದು: ಬಾದಾಮಿ ಬಿ, ಧಾರವಾಡ ಡಿ, ಪಟ್ಟದಕಲ್ಲು ಪಿ, ತೇರದಾಳ ಟಿ, ಮುಧೋಳ ಎಂ, ನಿಪ್ಪಾಣಿ ಎನ್, ಗೋಕಾಕ ಜಿ.

‘ನಿಪ್ಪಾಣಿ ಎನ್, ಒ, ಧಾರವಾಡ ಡಿ, ಯು. ಎಂಟರ್ ಹೊಡೀರಿ. ಏನ್ ಬಂತ್ರಿ?’
‘ಐದ್ ಸಾಲ್ ಬಂದಾವ್ರಿ ಸರ. ಎರಡನೇದ್ರಾಗ ತೊಂಬತ್ತೆಂಟು ಅಂತ ಐತ್ರಿ.’

ಇಷ್ಟು ಕೇಳಿದರೆ ಸಾಕು, ಡಿಸ್ಕ್ ತುಂಬಿದೆ.

‘ನೋಡು’ ಒಳಗಿರುವುದು ಐದೇ ಕೆಲಸ. ಇವತ್ತಿನ ದಿನಾಂಕ, ಸಮಯ. ‘ಡಿಎಫ್ -ಎಚ್ /’ ಕೊಡುವ ಶೇಕಡಾ, ಅಂದರೆ ಡಿಸ್ಕಿನಲ್ಲಿ ತುಂಬಿದ ಜಾಗ. ‘ಡಿಎಫ್ -ಐ /’ ಕೊಡುವ ಶೇಕಡಾ, ಅಂದರೆ ಬಳಕೆಯಾದ ಐನೋಡ್. ಡೇಟಾಬೇಸ್ ಓಡುತ್ತಿದೆಯೇ ಎಂಬುದಕ್ಕೆ ‘ಸಿಸ್ಟಂಸಿಟಿಎಲ್ ಈಸ್-ಆಕ್ಟಿವ್’. ಕೊನೆಯ ಬ್ಯಾಕಪ್ಪಿನ ತಾರೀಖು ಮತ್ತು ಗಾತ್ರ. ಹೆಚ್ಚಿನ ಸಾಲು ಸೇರಿಸಬೇಡಿ, ಓದುವವರು ಮೇಲಿನದನ್ನು ಬಿಟ್ಟು ಕೆಳಗಿನದನ್ನಷ್ಟೇ ಓದುತ್ತಾರೆ.

ಮೂರನೇ ಸಾಲು ಯಾಕೆ ಎಂದು ಕೇಳುವವರುಂಟು. ಲಿನಕ್ಸಿನಲ್ಲಿ ಪ್ರತಿ ಫೈಲಿಗೂ ಐನೋಡ್ ಎಂಬ ಒಂದು ನೋಂದಣಿ ಬೇಕು. ಇಎಕ್ಸ್‌ಟಿ4 ಡಿಸ್ಕಿನಲ್ಲಿ ಅವುಗಳ ಸಂಖ್ಯೆ ಫಾರ್ಮ್ಯಾಟ್ ಮಾಡಿದಾಗಲೇ ನಿಗದಿಯಾಗಿರುತ್ತದೆ. ಯಾವುದೋ ಸಾಫ್ಟ್‌ವೇರ್ ಲಕ್ಷಗಟ್ಟಲೆ ಸಣ್ಣ ಸೆಷನ್ ಫೈಲ್ ಬಿಟ್ಟು ಹೋದರೆ ಜಾಗ ಅರ್ಧ ಖಾಲಿ ಇದ್ದರೂ ‘ನೋ ಸ್ಪೇಸ್ ಲೆಫ್ಟ್’ ಎನ್ನುತ್ತದೆ. ಲಾಕರ್ ಖಾಲಿ ಇದೆ, ರಿಜಿಸ್ಟರಿನಲ್ಲಿ ಬರೆಯಲು ಹಾಳೆ ಇಲ್ಲ, ಅಷ್ಟೇ.

ಜಾಗವೇ ತುಂಬಿದ್ದರೆ ‘ಡಿಯು -ಎಕ್ಸ್‌ಎಚ್ -ಡಿ1 / | ಸಾರ್ಟ್ -ಎಚ್’. ದೊಡ್ಡ ಫೋಲ್ಡರ್ ಕೊನೆಯ ಸಾಲುಗಳಲ್ಲಿ ಬರುತ್ತದೆ. ಎಕ್ಸ್ ಇರುವುದರಿಂದ ಹೊರಗೆ ಚುಚ್ಚಿದ ಡಿಸ್ಕಿನ ಲೆಕ್ಕ ಸೇರುವುದಿಲ್ಲ. ಹೆಚ್ಚಿನ ಸಲ ಕಳ್ಳ ಒಂದು ಲಾಗ್ ಫೈಲ್ (ಪ್ರೋಗ್ರಾಂ ತನ್ನ ದಿನಚರಿ ಬರೆಯುವ ಫೈಲ್). ಅದನ್ನು ಅಳಿಸಬೇಡಿ. ತೆರೆದಿಟ್ಟ ಪ್ರೋಗ್ರಾಂ ಅದನ್ನು ಹಿಡಿದುಕೊಂಡೇ ಇರುತ್ತದೆ, ಹೆಸರು ಮಾಯವಾದರೂ ಜಾಗ ಮರಳುವುದಿಲ್ಲ. ‘ಟ್ರಂಕೇಟ್ -ಎಸ್ 0’ ಕೊಟ್ಟು ಫೈಲನ್ನು ಖಾಲಿ ಮಾಡಿ. ಈಗಾಗಲೇ ಅಳಿಸಿ ಕುಳಿತಿದ್ದರೆ ‘ಎಲ್‌ಎಸ್‌ಒಎಫ್ +ಎಲ್1’ (ಇಲ್ಲಿ + ನಂತರದ ಎಲ್ ದೊಡ್ಡ ಅಕ್ಷರ) ಹಿಡಿದುಕೊಂಡ ಪ್ರೋಗ್ರಾಂ ಯಾವುದೆಂದು ತೋರಿಸುತ್ತದೆ. ಅದನ್ನು ಮರುಚಾಲೂ ಮಾಡಿದರೆ ಜಾಗ ಸಿಗುತ್ತದೆ.

ಈಗ ‘ತೆಗೆ’. ನಿಜವಾದ ಅಪಾಯ ಇರುವುದು ಇಲ್ಲೇ, ಯಾಕೆಂದರೆ ಕೆಟ್ಟ ಬ್ಯಾಕಪ್ ಸದ್ದಿಲ್ಲದೆ ಕೆಡುತ್ತದೆ. ‘ಮೈಎಸ್‌ಕ್ಯೂಎಲ್‌ಡಂಪ್ | ಜಿಜಿಪ್’ (ಮೊದಲನೆಯದು ಡೇಟಾಬೇಸಿನ ಪ್ರತಿ ತೆಗೆಯುತ್ತದೆ, ಎರಡನೆಯದು ಅದನ್ನು ಒತ್ತಿ ಚಿಕ್ಕದು ಮಾಡುತ್ತದೆ) ಎಂದಷ್ಟೇ ಬರೆದಿಟ್ಟಿದ್ದೀರಿ ಎನ್ನಿ. ಪಾಸ್‌ವರ್ಡ್ ಬದಲಾಗಿ ಡಂಪ್ ವಿಫಲವಾದರೂ ಜಿಜಿಪ್ ಖಾಲಿ ಗಾಳಿಯನ್ನೇ ಒತ್ತಿ 20 ಬೈಟಿನ ಫೈಲ್ ಮಾಡಿ ‘ಎಲ್ಲಾ ಸರಿ’ ಎನ್ನುತ್ತದೆ. ಪೈಪಿನಲ್ಲಿ (| ಗೆರೆಯಿಂದ ಜೋಡಿಸಿದ ಕಮಾಂಡುಗಳಲ್ಲಿ) ಶೆಲ್, ಅಂದರೆ ಕಮಾಂಡ್ ಓಡಿಸುವ ಪ್ರೋಗ್ರಾಂ, ಕೊನೆಯ ಕಮಾಂಡಿನ ಫಲಿತಾಂಶವನ್ನಷ್ಟೇ ನೋಡುತ್ತದೆ. ತಿಂಗಳುಗಟ್ಟಲೆ 20 ಬೈಟಿನ ಫೈಲುಗಳು ಸಾಲುಗಟ್ಟಿ ನಿಂತಿರುತ್ತವೆ. ಆದ್ದರಿಂದ ಬ್ಯಾಶ್ ಸ್ಕ್ರಿಪ್ಟಿನ ಎರಡನೇ ಸಾಲೇ ಇದು:

ಸೆಟ್ -ಇಯು -ಒ ಪೈಪ್‌ಫೇಲ್

ಪೈಪಿನ ಯಾವ ಕಮಾಂಡ್ ಸೋತರೂ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಅದರ ಕೆಳಗೆ ಈ ಕ್ರಮದಲ್ಲಿ ಬರೆಯಿರಿ. ‘ಫ್ಲಾಕ್ -ಎನ್’ ಹಾಕಿ, ಒಂದು ಓಡುತ್ತಿರುವಾಗ ಇನ್ನೊಂದು ಶುರುವಾಗದಿರಲಿ. ಬೇಗ ಬರಲಿಲ್ಲವೆಂದು ಎರಡೆರಡು ಸಲ ಹೊಡೆಯುವುದು ಮನುಷ್ಯ ಸ್ವಭಾವ. ‘ಮೌಂಟ್‌ಪಾಯಿಂಟ್ -ಕ್ಯೂ /ಬ್ಯಾಕಪ್’ ಸುಳ್ಳಾದರೆ, ಅಂದರೆ ಬ್ಯಾಕಪ್ ಡಿಸ್ಕ್ ಅಲ್ಲಿ ಜೋಡಣೆಯಾಗಿಲ್ಲದಿದ್ದರೆ, ಅಲ್ಲೇ ನಿಲ್ಲಲಿ. ಕಸ ಹೊಡೆಯುವಾಗ ಯುಎಸ್‌ಬಿ ಡಿಸ್ಕ್ ಕಿತ್ತಿದ್ದರೆ /ಬ್ಯಾಕಪ್ ಎಂಬುದು ಸರ್ವರಿನದೇ ಒಂದು ಫೋಲ್ಡರ್ ಆಗಿ ಉಳಿದು, ಬ್ಯಾಕಪ್ ಅಲ್ಲೇ ಬಿದ್ದು ಮುಖ್ಯ ಡಿಸ್ಕನ್ನು ತುಂಬಿಸುತ್ತದೆ. ಎಫ್‌ಎಸ್‌ಟ್ಯಾಬಿನಲ್ಲಿ (ಸರ್ವರ್ ಏಳುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿ) ಆ ಡಿಸ್ಕಿಗೆ ‘ನೋಫೇಲ್’ ಕೊಡುವುದನ್ನು ಮರೆಯಬೇಡಿ. ಇಲ್ಲವಾದರೆ ಡಿಸ್ಕ್ ಇಲ್ಲದ ದಿನ ಸರ್ವರ್ ಎಮರ್ಜೆನ್ಸಿ ಮೋಡಿನಲ್ಲಿ ನಿಂತುಬಿಡುತ್ತದೆ.

ಡಂಪಿಗೆ ‘--ಸಿಂಗಲ್-ಟ್ರಾನ್ಸಾಕ್ಷನ್’ ಸೇರಿಸಿ. ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಮಾಹಿತಿ ಇಡುವ ಒಂದು ಬಗೆ) ಟೇಬಲ್ಲುಗಳಾದರೆ ಕೌಂಟರಿನ ಕೆಲಸ ನಿಲ್ಲದೆ ಒಂದೇ ಕ್ಷಣದ ಚಿತ್ರ ಸಿಗುತ್ತದೆ. ಪಾಸ್‌ವರ್ಡ್ ಕಮಾಂಡಿನಲ್ಲಿ ಬೇಡ, ರೂಟ್‌ನ .ಮೈ.ಸಿಎನ್‌ಎಫ್ ಫೈಲಿನಲ್ಲಿ 600 ಅನುಮತಿಯೊಂದಿಗಿರಲಿ (ಒಡೆಯನ ಹೊರತು ಬೇರೆಯವರು ಓದಲಾಗದು). ಫೈಲಿಗೆ ಮೊದಲು .ಪಾರ್ಟ್ ಎಂಬ ಬಾಲ ಕೊಡಿ. ‘ಜಿಜಿಪ್ -ಟಿ’ ಪಾಸಾಗಬೇಕು. ಜೊತೆಗೆ ‘ಜೆಡ್‌ಕ್ಯಾಟ್’ ಮೂಲಕ ಬಿಚ್ಚಿ ‘ಟೇಲ್ -ಎನ್ 1’ ಹಾಕಿದಾಗ ಕೊನೆಯ ಸಾಲಿನಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂದಿರಬೇಕು. ಡಂಪ್ ನಡುವೆ ಕಡಿದಿದ್ದರೆ ಆ ಸಾಲು ಇರುವುದಿಲ್ಲ. ಟೇಲ್ ಬಿಟ್ಟು ನೇರ ‘ಗ್ರೆಪ್ -ಕ್ಯೂ’ ಹಾಕಬೇಡಿ: ಅದು ಸಿಕ್ಕ ಕೂಡಲೇ ಬಾಗಿಲು ಮುಚ್ಚುತ್ತದೆ, ಹಿಂದಿನ ಕಮಾಂಡ್ ಪೈಪ್ ಒಡೆದು ಸಾಯಬಹುದು, ಪೈಪ್‌ಫೇಲ್ ಇರುವುದರಿಂದ ಒಳ್ಳೆಯ ಬ್ಯಾಕಪ್ಪೂ ಕೆಟ್ಟದ್ದೆಂದು ಲೆಕ್ಕವಾಗುತ್ತದೆ. ಎರಡೂ ಪರೀಕ್ಷೆ ಮುಗಿದ ಮೇಲೆ ಬಾಲ ತೆಗೆದು ಹೆಸರು ಬದಲಿಸಿ.

ಹಳೆಯದನ್ನು ಅಳಿಸುವಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ: ವಯಸ್ಸು ನೋಡಿ ಅಳಿಸಬೇಡಿ, ಎಣಿಸಿ ಅಳಿಸಿ. ಎಲ್ಲರೂ ಬರೆಯುವ ‘ಫೈಂಡ್ /ಬ್ಯಾಕಪ್ -ಎಂಟೈಮ್ +14 -ಡಿಲೀಟ್’ (14 ದಿನ ಮೀರಿದ್ದನ್ನು ಅಳಿಸು) ಸಾಲು ಪ್ರತ್ಯೇಕವಾಗಿ ಓಡುತ್ತಿದ್ದು, ಯಾವುದೋ ಕಾರಣಕ್ಕೆ ಡಂಪ್ ಮೂರು ವಾರ ನಿಂತರೆ, ಉಳಿದಿದ್ದ ಒಳ್ಳೆಯ ಪ್ರತಿಗಳನ್ನೆಲ್ಲ ನಿಯತ್ತಾಗಿ ಗುಡಿಸಿ ಹಾಕುತ್ತದೆ. ‘-ಡಿಲೀಟ್’ ಅನ್ನು ಷರತ್ತಿಗಿಂತ ಮುಂದೆ ಬರೆದರಂತೂ ಷರತ್ತನ್ನು ಕೇಳದೆಯೇ ಎಲ್ಲವನ್ನೂ ಅಳಿಸುತ್ತದೆ. ಬದಲಿಗೆ, ಹೊಸದು ಪಾಸಾದ ಮೇಲೆ ಮಾತ್ರ, ಬ್ಯಾಕಪ್ ಫೋಲ್ಡರಿನೊಳಗೆ ನಿಂತು:

ಎಲ್‌ಎಸ್ -1ಟಿ *.ಜಿಜೆಡ್ | ಟೇಲ್ -ಎನ್ +8 | ಎಕ್ಸ್‌ಆರ್ಗ್ಸ್ -ಆರ್ ಆರ್‌ಎಂ --

ಹೊಸ 7 ಉಳಿಯುತ್ತವೆ, ಎಂಟನೆಯದರಿಂದ ಮುಂದಿನವು ಹೋಗುತ್ತವೆ. ಇದಕ್ಕೂ ಒಂದು ಕಾವಲು ಬೇಕು. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ದಿನಾಂಕ ಹಿಂದಕ್ಕೆ ಓಡಿರುತ್ತದೆ; ಇವತ್ತಿನ ಪ್ರತಿಯೇ ‘ಹಳೆಯದು’ ಎನಿಸಿ ಅಳಿದುಹೋಗುತ್ತದೆ. ಇರುವ ಹೊಸ ಬ್ಯಾಕಪ್ಪಿನ ತಾರೀಖು ಈಗಿನ ಸಮಯಕ್ಕಿಂತ ಮುಂದಿದ್ದರೆ ಸ್ಕ್ರಿಪ್ಟ್ ಶುರುವಿನಲ್ಲೇ ‘ಗಡಿಯಾರ ನೋಡಿ’ ಎಂದು ಹೇಳಿ ನಿಲ್ಲಲಿ. ‘ನೋಡು’ವಿನ ಮೊದಲ ಸಾಲು ದಿನಾಂಕವಾಗಿರುವುದೂ ಇದಕ್ಕೇ.

ಯಾವಾಗ ಓಡಿಸಬೇಕು? ಪುಸ್ತಕದ ಪ್ರಕಾರ ರಾತ್ರಿ 2 ಗಂಟೆ. ಸಂಘದ ಕಚೇರಿಯಲ್ಲಿ ಸಂಜೆ ಬೀಗ ಹಾಕುವವರು ಮೇನ್ ಸ್ವಿಚ್ಚೇ ಇಳಿಸಿ ಹೋಗುತ್ತಾರೆ, ರಾತ್ರಿಯ ಕ್ರಾನ್ (ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆ) ಒಂದು ದಿನವೂ ಓಡುವುದಿಲ್ಲ. ಮಧ್ಯಾಹ್ನದ ಊಟದ ಹೊತ್ತು ಇಡಿ. ಕ್ರಾನ್ ಬದಲು ಸಿಸ್ಟಂಡಿ ಟೈಮರ್ ಬಳಸಿ ‘ಪರ್ಸಿಸ್ಟೆಂಟ್=ಟ್ರೂ’ (ಮೊದಲ ಪಿ ದೊಡ್ಡ ಅಕ್ಷರ) ಕೊಟ್ಟರೆ ಇನ್ನೂ ಒಳ್ಳೆಯದು; ತಪ್ಪಿದ ಸರದಿ ಮಷಿನ್ ಎದ್ದ ಮೇಲೆ ಓಡುತ್ತದೆ. ಸರ್ವರಿನ ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇದ್ದರೆ ಎಲ್ಲವೂ 5 ಗಂಟೆ 30 ನಿಮಿಷ ತಡವಾಗುತ್ತದೆ: ಮಧ್ಯಾಹ್ನ 2ಕ್ಕೆ ಇಟ್ಟದ್ದು ಸಂಜೆ ಏಳೂವರೆಗೆ, ಅಂದರೆ ಬೀಗ ಬಿದ್ದ ಮೇಲೆ. ‘ಟೈಮ್‌ಡೇಟ್‌ಸಿಟಿಎಲ್’ ಹೊಡೆದು ಏಷ್ಯಾ/ಕೋಲ್ಕತಾ ಇದೆಯೇ ನೋಡಿ. ಕ್ರಾನ್‌ಟ್ಯಾಬಿನಲ್ಲೇ ಬರೆಯುವುದಾದರೆ ಅಲ್ಲಿ ಶೇಕಡಾ ಚಿಹ್ನೆ ಬಳಸಬೇಡಿ, ಕ್ರಾನ್ ಅದನ್ನು ಹೊಸ ಸಾಲೆಂದು ಓದುತ್ತದೆ. ತಾರೀಖಿನ ಲೆಕ್ಕವೆಲ್ಲ ಸ್ಕ್ರಿಪ್ಟಿನೊಳಗಿರಲಿ.

ಇನ್ನು ಸ್ಕ್ರಿಪ್ಟನ್ನು ಆ ಕಡೆಗೆ ಮುಟ್ಟಿಸುವುದು. ವಾಟ್ಸಾಪ್ ಸಂದೇಶವಾಗಿ ಕಳಿಸಿದರೆ ಎರಡು ನಕ್ಷತ್ರಗಳ ನಡುವಿನ ಪದ ದಪ್ಪಕ್ಷರವಾಗಿ ನಕ್ಷತ್ರವೇ ಕಾಣದಾಗುತ್ತದೆ, ಕೆಲವು ಫೋನುಗಳಲ್ಲಿ ಎರಡು ಹೈಫನ್ ಸೇರಿ ಒಂದು ಉದ್ದ ಗೆರೆಯಾಗುತ್ತದೆ. ಫೈಲ್ ಆಗಿ ಕಳಿಸಿ. ಅದನ್ನು ದಾರಿಯಲ್ಲಿ ಯಾರಾದರೂ ವಿಂಡೋಸ್ ನೋಟ್‌ಪ್ಯಾಡಿನಲ್ಲಿ ತಿದ್ದಿ ಉಳಿಸಿದ್ದರೆ ‘ಬ್ಯಾಡ್ ಇಂಟರ್ಪ್ರಿಟರ್’ ಎಂಬ ದೂರು, ಕೊನೆಯಲ್ಲಿ ^ಎಂ ಎಂಬ ಗುರುತು ಬರಬಹುದು. ಸಾಲಿನ ತುದಿಯಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡದ್ದರ ಫಲ ಅದು. ‘ಡಾಸ್2ಯುನಿಕ್ಸ್’ ಒಮ್ಮೆ ಓಡಿಸಿದರೆ ಹೋಗುತ್ತದೆ.