ತ್ರಿಭುಜಗಳ ಸರ್ವಸಮತೆಯನ್ನು ಸಾಧಿಸುವುದು ಹೇಗೆ?

ಎರಡು ತ್ರಿಭುಜಗಳು ಆಕಾರ, ಅಳತೆ ಎರಡರಲ್ಲೂ ಒಂದೇ, ಅಂದರೆ ಸರ್ವಸಮ, ಎಂದು ತೋರಿಸುವ ಬಾ.ಕೋ.ಬಾ. (ಬಾಹು-ಕೋನ-ಬಾಹು), ಕೋ.ಬಾ.ಕೋ. (ಕೋನ-ಬಾಹು-ಕೋನ), ಬಾ.ಬಾ.ಬಾ. (ಬಾಹು-ಬಾಹು-ಬಾಹು) ನಿಯಮಗಳನ್ನು ಬಾಯಿಪಾಠ ಮಾಡಿಕೊಂಡ ವಿದ್ಯಾರ್ಥಿಗಳೂ ಸಾಧನೆ ಬರೆಯುವಾಗ ತಡವರಿಸುತ್ತಾರೆ. ಯಾವ ಎರಡು ತ್ರಿಭುಜಗಳನ್ನು ಆರಿಸಿಕೊಳ್ಳಬೇಕು, ಯಾವ ಶೃಂಗಕ್ಕೆ ಯಾವ ಶೃಂಗ ಅನುರೂಪ ಎಂಬುದನ್ನು ನಿರ್ಧರಿಸುವ ಮೊದಲೇ ಬರೆಯತೊಡಗುವುದು ಇದಕ್ಕೆ ಮುಖ್ಯ ಕಾರಣ.

ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. △ಅಬಕದಲ್ಲಿ ಅಬ = ಅಕ. ಅಬ ಬಾಹುವಿನ ಮೇಲೆ ಪ, ಅಕ ಬಾಹುವಿನ ಮೇಲೆ ಮ ಬಿಂದುಗಳನ್ನು ಅಪ = ಅಮ ಆಗುವಂತೆ ಗುರುತಿಸಲಾಗಿದೆ. ಬಮ = ಕಪ ಎಂದು ಸಾಧಿಸಬೇಕು.

ಮೊದಲು ಚಿತ್ರವನ್ನು ದೊಡ್ಡದಾಗಿ ಬರೆದು, ದತ್ತದಲ್ಲಿರುವ (ಲೆಕ್ಕದಲ್ಲಿ ಕೊಟ್ಟಿರುವ) ಸಮ ಬಾಹುಗಳಿಗೆ ಒಂದೇ ಬಗೆಯ ಗೆರೆ ಹಾಕಿ. ಚಿತ್ರದಲ್ಲಿ ಸಮವಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಯಾವುದಕ್ಕೂ ಗುರುತು ಹಾಕಬೇಡಿ.

ಎರಡನೆಯದಾಗಿ, ಸಾಧನೀಯದಿಂದ, ಅಂದರೆ ಸಾಧಿಸಬೇಕಾದುದರಿಂದ, ಹಿಂದಕ್ಕೆ ಯೋಚಿಸಿ. ಬಮ ಮತ್ತು ಕಪ ಯಾವ ತ್ರಿಭುಜಗಳ ಬಾಹುಗಳು? △ಅಬಮ ಮತ್ತು △ಅಕಪ ಒಂದು ಜೋಡಿ. △ಬಕಮ ಮತ್ತು △ಕಬಪ ಇನ್ನೊಂದು. ಎರಡನೆಯ ಜೋಡಿಯಿಂದಲೂ ಉತ್ತರ ಬರುತ್ತದೆ, ಆದರೆ ಅದಕ್ಕೆ ಪಾದಕೋನಗಳು ಸಮ ಎಂಬ ಪ್ರಮೇಯವೂ ಬೇಕು, ಅಬದಿಂದ ಅಪವನ್ನು, ಅಕದಿಂದ ಅಮವನ್ನು ಕಳೆಯುವ ಕೆಲಸವೂ ಬೇಕು. ಮೊದಲ ಜೋಡಿಗೆ ದತ್ತವೇ ಸಾಕು. ಈ ತ್ರಿಭುಜಗಳು ಒಂದರ ಮೇಲೊಂದು ಬಿದ್ದಿರುವುದರಿಂದ ಕಣ್ಣಿಗೆ ಸುಲಭವಾಗಿ ಸಿಗುವುದಿಲ್ಲ. ಪಕ್ಕದಲ್ಲಿ ಎರಡನ್ನೂ ಬಿಡಿಸಿ ಬರೆದುಕೊಳ್ಳುವುದು ಒಳ್ಳೆಯದು.

ಮೂರನೆಯದು ಸಾಧನೆ. ಪ್ರತಿ ಸಾಲಿನ ಎದುರು ಕಾರಣ ಇರಲೇಬೇಕು.

ಅಬ = ಅಕ (ದತ್ತ)
∠ಬಅಮ = ∠ಕಅಪ (ಸಾಮಾನ್ಯ ಕೋನ)
ಅಮ = ಅಪ (ದತ್ತ)
∴ △ಅಬಮ ≅ △ಅಕಪ (ಬಾ.ಕೋ.ಬಾ.)
∴ ಬಮ = ಕಪ (ಸರ್ವಸಮ ತ್ರಿಭುಜಗಳ ಅನುರೂಪ ಭಾಗಗಳು)

ಇಲ್ಲಿ ಅಕ್ಷರಗಳ ಕ್ರಮವನ್ನು ಗಮನಿಸಿ. ಅ ಶೃಂಗಕ್ಕೆ ಅ, ಬ ಶೃಂಗಕ್ಕೆ ಕ, ಮ ಶೃಂಗಕ್ಕೆ ಪ ಅನುರೂಪ. ಅವಸರದಲ್ಲಿ △ಅಬಮ ≅ △ಅಪಕ ಎಂದು ಬರೆದರೆ ಅಬ = ಅಪ ಎಂದು ಹೇಳಿದಂತಾಗುತ್ತದೆ, ಅದು ತಪ್ಪು.

ಬಾ.ಕೋ.ಬಾ. ನಿಯಮವನ್ನು ಶಾಲೆಯಲ್ಲಿ ಸಾಧನೆಯಿಲ್ಲದೆ ಒಪ್ಪಿಕೊಳ್ಳುವುದಕ್ಕೂ ಕಾರಣವಿದೆ. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಒಂದು ತ್ರಿಭುಜವನ್ನು ಇನ್ನೊಂದರ ಮೇಲೆ ಇರಿಸಿ ಅದನ್ನು ಸಾಧಿಸಿದ್ದನು. ಆಕೃತಿಯನ್ನು ಹಾಗೆ ಎತ್ತಿ ಇಡಬಹುದೆಂದು ಅವನ ಸ್ವಯಂಸಿದ್ಧಗಳಲ್ಲಿ (ಸಾಧನೆಯಿಲ್ಲದೆ ಒಪ್ಪಿಕೊಂಡ ಹೇಳಿಕೆಗಳಲ್ಲಿ) ಎಲ್ಲಿಯೂ ಹೇಳಿಲ್ಲವೆಂಬ ಆಕ್ಷೇಪವಿತ್ತು. 1899ರಲ್ಲಿ ಜರ್ಮನ್ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಆ ನಿಯಮದ ತಿರುಳನ್ನೇ ಸ್ವಯಂಸಿದ್ಧವಾಗಿ ಇಟ್ಟುಕೊಂಡರು.

ಈ ನಿಯಮದಲ್ಲಿ ಕೋನವು ಎರಡು ಬಾಹುಗಳ ನಡುವೆಯೇ ಇರಬೇಕು. ಇದನ್ನು ಕೈವಾರದಿಂದ ಪರೀಕ್ಷಿಸಿ ನೋಡುವುದು ಹತ್ತು ಸಲ ಓದುವುದಕ್ಕಿಂತ ಮೇಲು. ಬ ಬಿಂದುವಿನಲ್ಲಿ 30° ಕೋನ ರಚಿಸಿ, ಅದರ ಒಂದು ಭುಜದ ಮೇಲೆ ಬಅ = 8 ಸೆಂ.ಮೀ. ಗುರುತಿಸಿ. ಅ ಕೇಂದ್ರವಾಗಿ 5 ಸೆಂ.ಮೀ. ತ್ರಿಜ್ಯದ ಕಂಸ ಎಳೆದರೆ ಅದು ಇನ್ನೊಂದು ಭುಜವನ್ನು ಬ ಬಿಂದುವಿನಿಂದ ಸುಮಾರು 3.9 ಸೆಂ.ಮೀ. ಮತ್ತು 9.9 ಸೆಂ.ಮೀ. ದೂರದಲ್ಲಿ, ಹೀಗೆ ಎರಡು ಕಡೆ ಕತ್ತರಿಸುತ್ತದೆ. ಅಳತೆಗಳು ಅವೇ, ತ್ರಿಭುಜಗಳು ಮಾತ್ರ ಬೇರೆ ಬೇರೆ. ಕೋನ 90° ಆಗಿದ್ದಾಗ ಈ ಗೊಂದಲವಿಲ್ಲ, ಅಲ್ಲಿ ಲಂ.ವಿ.ಬಾ. (ಲಂಬಕೋನ-ವಿಕರ್ಣ-ಬಾಹು) ನಿಯಮ ಅನ್ವಯಿಸುತ್ತದೆ. ಮೂರೂ ಕೋನಗಳು ಸಮವಾಗಿದ್ದರೆ ತ್ರಿಭುಜಗಳು ಸಮರೂಪ, ಅಂದರೆ ಆಕಾರದಲ್ಲಿ ಒಂದೇ, ಎಂದಷ್ಟೇ ಹೇಳಬಹುದು.

ಅಭ್ಯಾಸಕ್ಕಾಗಿ ಅದೇ ಚಿತ್ರವನ್ನು ಮುಂದುವರಿಸಿ. ಬಮ ಮತ್ತು ಕಪ ರೇಖಾಖಂಡಗಳು ಗ ಬಿಂದುವಿನಲ್ಲಿ ಛೇದಿಸಿದರೆ ಗಬ = ಗಕ ಎಂದು ಸಾಧಿಸಿ. △ಪಬಗ ಮತ್ತು △ಮಕಗಗಳನ್ನು ಆರಿಸಿಕೊಳ್ಳಿ; ∠ಅಬಮ = ∠ಅಕಪ ಎಂಬುದು ಮೇಲಿನ ಸಾಧನೆಯಿಂದಲೇ ದೊರೆಯುತ್ತದೆ, ಗ ಬಿಂದುವಿನಲ್ಲಿ ಶೃಂಗಾಭಿಮುಖ ಕೋನಗಳಿವೆ, ಪಬ = ಮಕ ಏಕೆಂಬುದನ್ನು ಕಾರಣಸಹಿತ ನೀವೇ ಬರೆಯಬೇಕು.