ಟ್ಯಾಲಿ ಬಿಡದೆ, ಫರ್ನೇಸ್ ಕಡೆಯಿಂದ ಇಆರ್‌ಪಿ ಹಾಕಿದ್ದು: ನನ್ನ ಅನುಭವ

ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ನಮ್ಮ ಫೌಂಡ್ರಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ. ಅರ್ಧ ಟನ್ನಿನ ಇಂಡಕ್ಷನ್ ಫರ್ನೇಸ್, ಬರೀ ಗ್ರೇ ಐರನ್ (ಬೀಡು ಕಬ್ಬಿಣ), ತಿಂಗಳಿಗೆ ಸುಮಾರು 80 ಟನ್ ಒಳ್ಳೆ ಕ್ಯಾಸ್ಟಿಂಗ್ ಹೊರಡುತ್ತದೆ. ಇಆರ್‌ಪಿ, ಅಂದರೆ ಇಡೀ ಕಾರ್ಖಾನೆಯ ಲೆಕ್ಕ ಒಂದೇ ಕಡೆ ಇಡುವ ಸಾಫ್ಟ್‌ವೇರ್, ಎರಡನೇ ಸಲ ಹಾಕುತ್ತೇನೆ ಎಂದಾಗ ಅಣ್ಣ ಒಂದೇ ಮಾತು ಹೇಳಿದ್ದ: ‘ಹೊಳೇಲಿ ಹುಣಸೆಹಣ್ಣು ತೊಳೆದಿದ್ದು ಸಾಕು ಕಣೋ.’ ಈಗ ದಿನಾ ಬೆಳಿಗ್ಗೆ ಮೊದಲು ಆ ಸ್ಕ್ರೀನ್ ತೆಗೆಯುವವನು ಅವನೇ.

ಅವನು ಹಾಗೆ ಅಂದದ್ದಕ್ಕೂ ಕಾರಣ ಇತ್ತು. 2019ರಲ್ಲಿ ಬೆಂಗಳೂರಿನ ಒಂದು ಕಂಪನಿಯವರು ಬಂದು ಹಾಕಿಕೊಟ್ಟಿದ್ದರು. ನಾಲ್ಕೂವರೆ ಲಕ್ಷ ಅಂತ ಶುರುವಾಗಿ ಆರೂವರೆ ದಾಟಿತು. ಖರೀದಿ, ಸಂಬಳ, ಸ್ಟೋರ್, ಲೆಕ್ಕಪತ್ರ, ಎಲ್ಲಾ ಮಾಡ್ಯೂಲ್ ಒಂದೇ ದಿನ ತೆರೆದರು. ಬೋಲ್ಟಿಗೂ ಒಂದು ಕೋಡ್. ಮೂರು ತಿಂಗಳಾಗುವಷ್ಟರಲ್ಲಿ ಕಂಪ್ಯೂಟರ್ ಪ್ರಕಾರ ಪಿಗ್ ಐರನ್ (ಕರಗಿಸಲು ತರುವ ಕಚ್ಚಾ ಕಬ್ಬಿಣ) 22 ಟನ್, ಯಾರ್ಡಿನಲ್ಲಿ ಇದ್ದದ್ದು 14. ಸ್ಟೋರಿನ ಹಿರಿಯರು ಮಾತಾಡದೆ ಮತ್ತೆ ನೋಟ್‌ಬುಕ್ ತೆಗೆದರು. ನಾನೂ ಬೇಡ ಅನ್ನಲಿಲ್ಲ.

ಎಲ್ಲಿ ತಪ್ಪಿತು ಎಂದು ಆಮೇಲೆ ಕೂತು ಯೋಚಿಸಿದೆ. ಈ ಸಿಸ್ಟಂಗಳ ಮೂಲ ನೋಡಿ. 1960ರ ದಶಕದಲ್ಲಿ ಅಮೆರಿಕದ ಫ್ಯಾಕ್ಟರಿಗಳಲ್ಲಿ ಯಾವ ಮಾಲು ಎಷ್ಟು ಬೇಕು, ಯಾವಾಗ ಬೇಕು ಎಂಬ ಲೆಕ್ಕಕ್ಕೆ ಎಂಆರ್‌ಪಿ (ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್) ಹುಟ್ಟಿತು. ಅದಕ್ಕೆ ಹಣ, ಜನ, ಮಾರಾಟ ಎಲ್ಲಾ ಸೇರಿ, ಇಆರ್‌ಪಿ ಅಂತ ಹೆಸರು ಬಂದದ್ದು 1990ರಲ್ಲಿ, ಗಾರ್ಟ್‌ನರ್ ಎಂಬ ಅಮೆರಿಕದ ಸಲಹಾ ಕಂಪನಿ ಇಟ್ಟದ್ದು. ಅಂದರೆ ಮೊದಲು ಶಾಪ್ ಫ್ಲೋರ್, ಆಮೇಲೆ ಅಕೌಂಟ್ಸ್. ನಾವು ಉಲ್ಟಾ ಹೋಗಿದ್ದೆವು. ಆರು ಲಕ್ಷ ಕೊಟ್ಟು ಲೆಕ್ಕ ಬರೆಯುವ ಇನ್ನೊಂದು ಟ್ಯಾಲಿ ತಂದ ಹಾಗಾಗಿತ್ತು.

ಎರಡನೇ ಸಲ ಇಆರ್‌ಪಿನೆಕ್ಸ್ಟ್ ಎಂಬ ಸಾಫ್ಟ್‌ವೇರ್ ತೆಗೆದುಕೊಂಡೆ. ಓಪನ್ ಸೋರ್ಸ್, ಲೈಸೆನ್ಸ್ ಖರ್ಚಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ನಂಬುವ ಹಾಗಿಲ್ಲ, ಅದಕ್ಕೇ ಆಫೀಸಿನಲ್ಲೇ ಒಂದು ಮಿಷನ್ ಇಟ್ಟು ಯುಪಿಎಸ್ ಕೊಟ್ಟೆ. ಅದಕ್ಕೆ 50 ಸಾವಿರ. ಊರಿನದೇ ಇಂಜಿನಿಯರಿಂಗ್ ಹುಡುಗನೊಬ್ಬ ಎಂಟು ತಿಂಗಳು ಸಂಜೆ ಹೊತ್ತು ಬಂದ. ಅವನಿಗೆ ಒಂದೂವರೆ ಲಕ್ಷದ ಹತ್ತಿರ ಕೊಟ್ಟೆ.

ನಾಲ್ಕೇ ವಿಷಯ ಹಾಕಿದ್ದು: ಚಾರ್ಜ್ (ಫರ್ನೇಸಿಗೆ ಹಾಕುವ ಮಾಲು), ಹೀಟ್ (ಒಂದು ಸಲ ಕರಗಿಸುವ ಸರದಿ), ಸುರಿದ ಬಾಕ್ಸ್ (ಮರಳಿನ ಅಚ್ಚಿನ ಪೆಟ್ಟಿಗೆ), ರಿಜೆಕ್ಷನ್ (ಕೆಟ್ಟು ಬಿದ್ದ ಪೀಸು). ಬಿಲ್ಲು, ಜಿಎಸ್‌ಟಿ, ಇ-ವೇ ಬಿಲ್ ಎಲ್ಲಾ ಟ್ಯಾಲಿಯಲ್ಲೇ. ತಿಂಗಳ ಕೊನೆಗೆ ಎರಡನ್ನೂ ಒಮ್ಮೆ ತಾಳೆ ನೋಡುವುದು, ಅಷ್ಟೆ. ಎರಡು ದೋಣಿಯ ಮೇಲೆ ಕಾಲಿಟ್ಟವರು ದಡ ಸೇರಲ್ಲ ಎಂದು ಆಡಿಟರ್ ಹೇಳಿದರು, ಪಕ್ಕದ ಫೌಂಡ್ರಿಯವರೂ ಹೇಳಿದರು. ಎರಡು ವರ್ಷದ ಮೇಲಾಯಿತು, ಚೆನ್ನಾಗಿ ನಡೆಯುತ್ತಿದೆ.

ಶುರುವಿನಲ್ಲಿ ಇಲ್ಲೂ ಎಡವಿದೆ. ಸ್ಕ್ರ್ಯಾಪನ್ನು ಬುಟ್ಟಿ ಲೆಕ್ಕದಲ್ಲಿ ಬರೆಸುತ್ತಿದ್ದೆ, ಬುಟ್ಟಿಗೆ 25 ಕಿಲೋ ಅಂತ. ಒಂದು ದಿನ ನಾನೇ ನಿಂತು ತೂಗಿಸಿದೆ. ಒಂದು ಬುಟ್ಟಿ 21, ಇನ್ನೊಂದು 32! ಆವತ್ತೇ 28 ಸಾವಿರ ಕೊಟ್ಟು ಫರ್ನೇಸ್ ಪಕ್ಕಕ್ಕೆ ತೂಕದ ಮಿಷನ್ ತಂದೆ. ಇನ್ನೊಂದು, ಹೆಸರು. ಗಿರಾಕಿಯ ಡ್ರಾಯಿಂಗ್ ನಂಬರ್ ಹಾಕಿದ್ದಾಗ ಮೋಲ್ಡಿಂಗ್ ಹುಡುಗರು ಸಿಕ್ಕಿದ್ದನ್ನು ಒತ್ತುತ್ತಿದ್ದರು. ಅವರೇ ಕರೆಯುವ ಹೆಸರು ಕನ್ನಡದಲ್ಲಿ ಹಾಕಿದೆ. ದಪ್ಪ ಬ್ರ್ಯಾಕೆಟ್ಟಿಗೆ ‘ಆನೆಕಾಲು’, ಚಿಕ್ಕ ಪುಲ್ಲಿಗೆ ‘ಚಕ್ಕುಲಿ’. ತಪ್ಪು ಎಂಟ್ರಿ ಒಂದೇ ವಾರದಲ್ಲಿ ಮುಕ್ಕಾಲು ಪಾಲು ನಿಂತುಹೋಯಿತು.

ಈಗ ದುಡ್ಡಿನ ವಿಷಯ. ಒಂದು ಪಂಪ್ ಬಾಡಿ, ತಿಂಗಳಿಗೆ ಏಳು ಟನ್ ಹೋಗುತ್ತಿತ್ತು, ಕಿಲೋಗೆ 104 ರೂಪಾಯಿ. ಇಡೀ ಶಾಪಿನ ಸರಾಸರಿ ಖರ್ಚು 96 ಇತ್ತು, ಲಾಭ ಇದೆ ಅಂತಲೇ ನಾವು ಇದ್ದೆವು. ಐಟಂ ಪ್ರಕಾರ ನೋಡಿದರೆ ಅದರ ಯೀಲ್ಡ್ (ಕರಗಿಸಿದ್ದರಲ್ಲಿ ಕ್ಯಾಸ್ಟಿಂಗ್ ಆಗುವ ಪಾಲು) 48, ರಿಜೆಕ್ಷನ್ 13 ಪರ್ಸೆಂಟ್. ಕರಗಿಸಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ರನ್ನರ್, ರೈಸರ್ ಆಗಿ (ಅಚ್ಚಿಗೆ ಲೋಹ ಹರಿಸುವ, ತುಂಬಿಸುವ ದಾರಿಯಲ್ಲಿ ಉಳಿದದ್ದು) ವಾಪಸ್ ಫರ್ನೇಸಿಗೆ. ನಿಜವಾದ ಖರ್ಚು 109. ತಿಂಗಳಿಗೆ 35 ಸಾವಿರ ಕೈಯಿಂದ ಹೋಗುತ್ತಿತ್ತು, ಎಷ್ಟು ವರ್ಷದಿಂದಲೋ! ಗಿರಾಕಿ ಮುಂದೆ ಹೀಟ್‌ವಾರು ಪ್ರಿಂಟ್ ಇಟ್ಟೆ. 9 ರೂಪಾಯಿ ಕೇಳಿದೆ, 7 ಕೊಟ್ಟರು. ರೈಸರ್ ಬದಲಾಯಿಸಿ ಯೀಲ್ಡನ್ನೂ 56ಕ್ಕೆ ತಂದೆವು.

ಒಟ್ಟು ರಿಜೆಕ್ಷನ್ 9 ಪರ್ಸೆಂಟಿನಿಂದ ಐದೂವರೆಗೆ ಬಂದಿದೆ. ಬಾಕ್ಸ್ ರೆಡಿ ಇಲ್ಲದೆ ಕರಗಿದ ಲೋಹ ಕಾಯುತ್ತಿದ್ದದ್ದು ಹೀಟಿನ ಟೈಮ್ ನೋಡಿದಾಗಲೇ ಕಣ್ಣಿಗೆ ಬಿದ್ದದ್ದು. ಟನ್ನಿಗೆ 720 ಯೂನಿಟ್ ಇದ್ದ ಕರೆಂಟ್ ಈಗ 640ರ ಆಸುಪಾಸು. ಪಿಗ್ ಐರನ್ ಒಂದು ತಿಂಗಳಿಗೆ ಆಗುವಷ್ಟು ಇಡುತ್ತಿದ್ದೆವು, ಈಗ ಹನ್ನೆರಡು ದಿನದ್ದು ಸಾಕು. ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದಲ್ಲಿ ಹದಿನೆಂಟು ಲಕ್ಷ ಇಳಿಯಿತು.

ರಿಜೆಕ್ಷನ್ನಿಗೆ ನಿಜವಾದ ಕಾರಣ ಬರೆಸುವುದೇ ಕಷ್ಟ. ‘ಸಾರ್, ಬರೆದ್ರೆ ನಮ್ಮ ತಲೆ ಮೇಲೆ ಬರಲ್ವಾ?’ ಎಂದು ಮೊದಲ ದಿನವೇ ಒಬ್ಬ ಕೇಳಿದ. ದಂಡ ಹಾಕಿದರೆ ಸುಳ್ಳೇ ಬರುತ್ತದೆ, ಅಷ್ಟು ಹೇಳಬಲ್ಲೆ. ನಾನು ಮಾಡಿದ ಉಪಾಯ ಬೇರೆ. ನಮ್ಮೂರಲ್ಲೇ ಇಷ್ಟು ಫೌಂಡ್ರಿ ಇರುವಾಗ ಅದನ್ನು ಇಲ್ಲಿ ಬರೆಯಲ್ಲ.

ಬಾರ್‌ಕೋಡ್ ಸ್ಟಿಕ್ಕರ್ ಪ್ರಯೋಗವೂ ಆಯಿತು. ಶಾಟ್ ಬ್ಲಾಸ್ಟಿಂಗಿಗೆ (ಸಣ್ಣ ಉಕ್ಕಿನ ಗುಂಡು ಹೊಡೆದು ಪೀಸು ಚೊಕ್ಕ ಮಾಡುವುದು) ಹೋದರೆ ಒಂದೂ ಉಳಿಯಲಿಲ್ಲ, ಹನ್ನೆರಡು ಸಾವಿರ ದಂಡ. ಈಗ ಹೀಟ್ ನಂಬರ್ ಮೋಲ್ಡಿನಲ್ಲೇ ಮೂಡಿಸುತ್ತೇವೆ.

ಇನ್ನೊಂದು ಪ್ರಯೋಗ ಮಾತ್ರ ಫಲ ಕೊಟ್ಟಿತು. ಆಷಾಢದ ಮಳೆಯಲ್ಲಿ ಬ್ಲೋಹೋಲ್ (ಎರಕದೊಳಗೆ ಗಾಳಿ ಸಿಕ್ಕಿ ಆಗುವ ತೂತು) ಜಾಸ್ತಿ ಎಂಬುದು ಎಲ್ಲರಿಗೂ ಗೊತ್ತು. ಸುಮ್ನೆ ಹೀಟಿನ ಜೊತೆ ಅಚ್ಚಿನ ಮರಳಿನ ತೇವವನ್ನೂ ಒಂದು ಕಾಲಂನಲ್ಲಿ ಬರೆಸಿದೆ. ಮೂರೂವರೆ ಪರ್ಸೆಂಟ್ ಇರಬೇಕಾದದ್ದು ಬೆಳಿಗ್ಗೆ ಐದು ಪರ್ಸೆಂಟಿನ ಹತ್ತಿರ, ಹತ್ತು ಗಂಟೆಯ ಮೇಲೆ ಸರಿ. ಕೆಟ್ಟ ಪೀಸೆಲ್ಲ ಮೊದಲೆರಡು ಹೀಟಿನವೇ. ಹೋಗಿ ನೋಡಿದರೆ ರಾತ್ರಿ ಮರಳು ರಾಶಿ ಹಾಕುತ್ತಿದ್ದದ್ದು ಪಡುವಣ ಗೋಡೆಗೆ ಒತ್ತಿ. ಶೀಟಿನ ಸಂದಿಯಿಂದ ಇರಚಲು ನೇರ ಅದರ ಮೇಲೆ. ರಾಶಿಯನ್ನು ಹತ್ತು ಅಡಿ ಈಚೆ ತಂದು ಟಾರ್ಪಾಲು ಹೊದಿಸಿದೆವು. ಹೋದ ಮಳೆಗಾಲದಲ್ಲಿ ಮೊದಲೆರಡು ಹೀಟಿನ ಬ್ಲೋಹೋಲ್ ಅರ್ಧಕ್ಕಿಂತ ಕಡಿಮೆ. ಈ ಸಲ ಕೋರ್ (ಎರಕದ ಒಳಗಿನ ಟೊಳ್ಳಿಗೆ ಇಡುವ ಮರಳಿನ ಅಚ್ಚು) ಇಡುವ ಕೋಣೆಯಲ್ಲೂ ತೇವ ಬರೆಸಲು ಶುರು ಮಾಡಿದ್ದೇನೆ.