ಸ್ಪ್ಯಾನಿಷ್ ವ್ಯಾಕರಣ: ಇಂಗ್ಲಿಷ್ ಪಕ್ಕಕ್ಕಿಡಿ, ಕನ್ನಡ ಹಿಡಿದು ಹೊರಡಿ

ಸ್ಪ್ಯಾನಿಷ್ ಕಲಿಯಲು ಹೊರಟ ಕನ್ನಡಿಗರು ಎಡವುವ ರೀತಿ ಹೆಚ್ಚುಕಮ್ಮಿ ಒಂದೇ. ಹೇಳಬೇಕಾದ್ದನ್ನು ಮೊದಲು ಇಂಗ್ಲಿಷಿಗೆ ತಿರುಗಿಸುತ್ತಾರೆ, ಅಲ್ಲಿಂದ ಸ್ಪ್ಯಾನಿಷಿಗೆ ಎಳೆಯುತ್ತಾರೆ. ನಮಗೆ ಸಿಗುವ ಪುಸ್ತಕಗಳು ಬಹುತೇಕ ಇಂಗ್ಲಿಷ್ ಮಾತೃಭಾಷೆಯವರಿಗೆ ಬರೆದವು. ಅವರ ತೊಡಕುಗಳನ್ನೆಲ್ಲ ನಾವೂ ಸುಮ್ಮನೆ ತಲೆ ಮೇಲೆ ಹೊರುತ್ತೇವೆ. ಅವರು ತಿಂಗಳುಗಟ್ಟಲೆ ಒದ್ದಾಡುವ ನಾಲ್ಕೈದು ಸಂಗತಿಗಳು ಕನ್ನಡ ಬಲ್ಲವರ ಬಾಯಲ್ಲಿ ಆಗಲೇ ಇವೆ.

1. ಉಚ್ಚಾರಣೆ. ಒಂದೆರಡು ಸಂಜೆಯ ಕೆಲಸ. ಬರೆದಂತೆಯೇ ಓದುವ ಭಾಷೆ. ಈ ಲೇಖನದಲ್ಲಿ ಸ್ಪ್ಯಾನಿಷ್ ಪದಗಳು ಕನ್ನಡ ಲಿಪಿಯಲ್ಲಿವೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಹಾಗೆ ಬರೆದುಕೊಳ್ಳಬೇಡಿ, ಕಾಗುಣಿತ ಶಾಶ್ವತವಾಗಿ ಕೆಡುತ್ತದೆ.

2. ನಾಮಪದ ಮತ್ತು ಲಿಂಗ. ಇಲ್ಲಿ ಕನ್ನಡದಿಂದ ಏನೂ ಸಹಾಯವಿಲ್ಲ. ನಮ್ಮಲ್ಲಿ ಮೇಜು, ಪುಸ್ತಕ ಎಲ್ಲ ನಪುಂಸಕ. ಅಲ್ಲಿ ಮೇಜು (ಲಾ ಮೇಸಾ) ಸ್ತ್ರೀಲಿಂಗ, ಪುಸ್ತಕ (ಎಲ್ ಲೀಬ್ರೊ) ಪುಲ್ಲಿಂಗ. 'ಒ' ಕೊನೆಯಾದರೆ ಗಂಡು, 'ಆ' ಕೊನೆಯಾದರೆ ಹೆಣ್ಣು ಎಂಬ ಸೂತ್ರ ಬಹುಪಾಲು ನಡೆಯುತ್ತದೆ. ಆದರೆ ಕೈ ಎಂಬರ್ಥದ 'ಲಾ ಮಾನೊ', ದಿನ ಎಂಬರ್ಥದ 'ಎಲ್ ದೀಯಾ', 'ಎಲ್ ಪ್ರೊಬ್ಲೇಮಾ' ಅದನ್ನು ಮುರಿಯುತ್ತವೆ. ಪದವನ್ನು ಒಂಟಿಯಾಗಿ ಕಲಿಯಲೇಬೇಡಿ, ಎಲ್ ಅಥವಾ ಲಾ ಅಂಟಿಸಿಕೊಂಡೇ ಬಾಯಿಪಾಠ ಮಾಡಿ. ಗುಣವಾಚಕ ಸಾಮಾನ್ಯವಾಗಿ ನಾಮಪದದ ನಂತರ ಬರುತ್ತದೆ, ಅದರ ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ: ಲೀಬ್ರೊ ರೋಹೊ, ಮೇಸಾ ರೋಹಾ. ಎರಡೂ ಕೆಂಪೇ.

3. ಕ್ರಿಯಾಪದ. 'ಮಾತಾಡುತ್ತೇನೆ' ಎಂದಮೇಲೆ 'ನಾನು' ಬೇಕಿಲ್ಲ. ಸ್ಪ್ಯಾನಿಷ್ ಕೂಡ ಹಾಗೆಯೇ: ಆಬ್ಲೊ ಎಂದರೆ ಮಾತಾಡುತ್ತೇನೆ, ಆಬ್ಲಾಮೊಸ್ ಎಂದರೆ ಮಾತಾಡುತ್ತೇವೆ. ಆದರೂ ನಮ್ಮವರು ಪ್ರತಿ ವಾಕ್ಯಕ್ಕೂ 'ಯೊ' ಎಂದು ಶುರುಮಾಡುತ್ತಾರೆ. ಇಂಗ್ಲಿಷ್ ಅಭ್ಯಾಸ ಅದು, ಬಿಡಿ. ಆರ್, ಏರ್, ಈರ್ ಎಂದು ಮುಗಿಯುವ ಮೂರು ಗುಂಪುಗಳ ವರ್ತಮಾನ ರೂಪಗಳಷ್ಟೇ ಮೊದಲಿಗೆ ಸಾಕು. ಕ್ರಿಯಾಪದಗಳ ದಪ್ಪ ಪುಸ್ತಕಕ್ಕೆ ದುಡ್ಡು ಸುರಿಯಬೇಡಿ; 1713ರಲ್ಲಿ ಹುಟ್ಟಿದ, ಸ್ಪೇನಿನ ಭಾಷಾ ಅಕಾಡೆಮಿ ರೆಯಾಲ್ ಅಕಾದೆಮಿಯಾ ಎಸ್ಪಾನ್ಯೋಲಾದ ಆನ್‌ಲೈನ್ ನಿಘಂಟಿನಲ್ಲಿ ರೂಪಗಳ ಪಟ್ಟಿ ಪುಕ್ಕಟೆ ಸಿಗುತ್ತದೆ.

4. ಸೆರ್, ಎಸ್ತಾರ್. ಜನ ಕೈಚೆಲ್ಲುವುದು ಇಲ್ಲಿಯೇ. ಇಂಗ್ಲಿಷಿನಲ್ಲಿ 'be' ಎಂಬ ಒಂದೇ ಕ್ರಿಯಾಪದ ಮಾಡುವ ಕೆಲಸವನ್ನು ಸ್ಪ್ಯಾನಿಷ್ ಇವೆರಡಕ್ಕೆ ಹಂಚಿದೆ. ಕೆಳಗೆ ಬರುವ ಎಸ್, ಸೋಯ್, ಸೋನ್ ಸೆರ್‌ನ ರೂಪಗಳು; ಎಸ್ತಾ ಎಸ್ತಾರ್‌ನದು. "ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್" ಎಂದು ಎಲ್ಲ ಕಡೆ ಹೇಳಿಕೊಡುತ್ತಾರೆ. ಈ ಸೂತ್ರವನ್ನು ನಂಬಬೇಡಿ. ಮ್ಯಾಡ್ರಿಡ್ ಸ್ಪೇನಿನಿಂದ ಎದ್ದು ಹೋಗುವುದಿಲ್ಲ, ಆದರೂ 'ಮಾದ್ರಿದ್ ಎಸ್ತಾ ಎನ್ ಎಸ್ಪಾನ್ಯಾ'. ಸಾವಿಗಿಂತ ಶಾಶ್ವತ ಯಾವುದು? ಆದರೂ 'ಎಸ್ತಾ ಮುಯೆರ್ತೊ'. ಇತ್ತ ಗಂಟೆ ಮೂರು ಎನ್ನುವುದು ನಿಮಿಷದಲ್ಲಿ ಕಳೆದುಹೋಗುವ ಮಾತು, ಅದಕ್ಕೆ ಸೆರ್: 'ಸೋನ್ ಲಾಸ್ ತ್ರೆಸ್'.

ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಅಳತೆಗೋಲಿದೆ. ಹೇಳಬೇಕಾದ ವಾಕ್ಯವನ್ನು ಕನ್ನಡದಲ್ಲಿ ನಿಷೇಧಿಸಿ ನೋಡಿ. 'ಅಲ್ಲ' ಬಂದರೆ ಸೆರ್, 'ಇಲ್ಲ' ಬಂದರೆ ಎಸ್ತಾರ್.

ಅವನು ವೈದ್ಯನಲ್ಲ: ನೊ ಎಸ್ ಮೇದಿಕೊ. ಅವನು ಮನೆಯಲ್ಲಿಲ್ಲ: ನೊ ಎಸ್ತಾ ಎನ್ ಕಾಸಾ. ನಾನು ಪೆರು ದೇಶದವನಲ್ಲ: ನೊ ಸೋಯ್ ದೆ ಪೆರೂ. ಬಾಗಿಲು ತೆರೆದಿಲ್ಲ: ಲಾ ಪುಯೆರ್ತಾ ನೊ ಎಸ್ತಾ ಅಬಿಯೆರ್ತಾ. ಸತ್ತಿಲ್ಲ, ಆದ್ದರಿಂದ ಎಸ್ತಾ; ಮೂರು ಗಂಟೆಯಲ್ಲ, ಆದ್ದರಿಂದ ಸೋನ್. ಒಂದೇ ಪದ ಎರಡೂ ಕಡೆ ಬಂದು ಅರ್ಥ ಬದಲಾಗುವಾಗಲೂ ಇದು ಕೆಲಸ ಮಾಡುತ್ತದೆ. 'ಲೀಸ್ತೊ' ನೋಡಿ: ಜಾಣನಲ್ಲ ಎಂದರೆ 'ನೊ ಎಸ್ ಲೀಸ್ತೊ', ಇನ್ನೂ ತಯಾರಾಗಿಲ್ಲ ಎಂದರೆ 'ನೊ ಎಸ್ತಾ ಲೀಸ್ತೊ'.

ಅಳತೆಗೋಲು ತಪ್ಪುವ ಜಾಗವೂ ಇದೆ. 'ಅವಳು ಎತ್ತರ ಇಲ್ಲ', 'ಪುಸ್ತಕ ಚೆನ್ನಾಗಿಲ್ಲ' ಎನ್ನುತ್ತೇವೆ, ಆದರೆ ಇವೆರಡಕ್ಕೂ ಬೇಕಾದ್ದು ಸೆರ್. ಗುಣವರ್ಣನೆ ಬಂದಾಗ ವಾಕ್ಯವನ್ನು ಒಮ್ಮೆ ತಿರುಗಿಸಿ: 'ಎತ್ತರದವಳಲ್ಲ', 'ಒಳ್ಳೆಯ ಪುಸ್ತಕವಲ್ಲ'. ಅರ್ಥ ಕೆಡದೆ 'ಅಲ್ಲ' ಕೂತರೆ ಸೆರ್ ಬಳಸಿ. 'ಸೂಪ್ ತಣ್ಣಗಿಲ್ಲ' ಎಂಬುದನ್ನು ಹಾಗೆ ತಿರುಗಿಸಲು ಹೋದರೆ ಅರ್ಥವೇ ಬೇರೆಯಾಗುತ್ತದೆ, ಅದು ಎಸ್ತಾರ್. ಇನ್ನೊಂದು: ಸಭೆ, ಮದುವೆ, ಪಂದ್ಯ ಎಲ್ಲಿ ನಡೆಯುತ್ತದೆ ಎಂದು ಹೇಳುವಾಗ ಜಾಗದ ಮಾತಾದರೂ ಸೆರ್. 'ಇದೆ' ಬದಲಿಗೆ 'ನಡೆಯುತ್ತದೆ' ಎನ್ನಬಹುದೇ ಎಂದು ಕೇಳಿಕೊಳ್ಳಿ.

ಈ ಜೋಡಿಯ ಮಧ್ಯೆ 'ಆಯ್' ಎಂಬ ಮೂರನೆಯದು ತೂರಿಕೊಳ್ಳುತ್ತದೆ. 'ಮೇಜಿನ ಮೇಲೆ ಪುಸ್ತಕ ಇದೆ' ಎಂದು ಹೊಸದಾಗಿ ತಿಳಿಸಿದರೆ 'ಆಯ್ ಉನ್ ಲೀಬ್ರೊ'. 'ಪುಸ್ತಕ ಮೇಜಿನ ಮೇಲಿದೆ' ಎಂದು ಗೊತ್ತಿರುವ ಪುಸ್ತಕದ ಜಾಗ ಹೇಳಿದರೆ 'ಎಲ್ ಲೀಬ್ರೊ ಎಸ್ತಾ'. ಕನ್ನಡದಲ್ಲಿ ಪದಗಳ ಜಾಗ ಬದಲಿಸಿ ನಾವು ಮಾಡುವ ವ್ಯತ್ಯಾಸವೇ ಇದು.

ಮುಂದಕ್ಕೆ ಹೋಗುವ ಮೊದಲು ನಿಮ್ಮದೇ ವಾಕ್ಯಗಳನ್ನು ಪುಟಗಟ್ಟಲೆ ಬರೆದು ಅಲ್ಲ–ಇಲ್ಲ ಹಾಕಿ ನೋಡಿ. ಮೊಬೈಲ್ ಆ್ಯಪ್ ಇದನ್ನು ಮಾಡಿಸುವುದಿಲ್ಲ. ಅದು ನಾಲ್ಕು ಉತ್ತರ ಕೊಟ್ಟು ಒಂದನ್ನು ಒತ್ತಿಸುತ್ತದೆ, ಊಹಿಸಿ ಒತ್ತಿದರೂ ನಕ್ಷತ್ರ ಕೊಡುತ್ತದೆ. ಪದ ಕಲಿಯಲು ಆ್ಯಪ್ ಸರಿ, ವ್ಯಾಕರಣಕ್ಕೆ ದಂಡ. '30 ದಿನದಲ್ಲಿ ಸ್ಪ್ಯಾನಿಷ್' ವಿಡಿಯೊಗಳ ಬಗ್ಗೆ ಮಾತೇ ಬೇಡ.

5. ಇಷ್ಟ, ನೋವು, ಹಸಿವು. 'ಮೆ ಗುಸ್ತಾ ಲಾ ಮೂಸಿಕಾ' ಅಕ್ಷರಶಃ 'ನನಗೆ ಸಂಗೀತ ಇಷ್ಟವಾಗುತ್ತದೆ'. ಪುಸ್ತಕಗಳಾದರೆ 'ಇಷ್ಟವಾಗುತ್ತವೆ', ಅಲ್ಲಿಯೂ ಬಹುವಚನ: 'ಮೆ ಗುಸ್ತಾನ್ ಲೊಸ್ ಲೀಬ್ರೊಸ್'. 'ನನಗೆ ತಲೆ ನೋಯುತ್ತದೆ' ಎಂಬುದೂ ಇದೇ ಅಚ್ಚು. ಹಸಿವಿಗೆ ಮಾತ್ರ ಕನ್ನಡ ಕೈಕೊಡುತ್ತದೆ. ಅಲ್ಲಿ ಹಸಿವನ್ನು 'ಹೊಂದಿರಬೇಕು', ತೇಂಗೊ ಆಂಬ್ರೆ.

6. ಮನುಷ್ಯರಿಗೊಂದು 'ಆ'. 'ಮನೆ ನೋಡುತ್ತೇನೆ' ಎನ್ನಬಹುದು, 'ಮರಿಯಾ ನೋಡುತ್ತೇನೆ' ಎನ್ನಲಾಗದು, 'ಮರಿಯಾಳನ್ನು' ಎನ್ನಲೇಬೇಕು. ಸ್ಪ್ಯಾನಿಷಿನಲ್ಲೂ ಮನೆಗೆ ಏನೂ ಬೇಡ, ಮರಿಯಾಗೆ 'ಆ' ಬೇಕು: ಬೇಯೊ ಲಾ ಕಾಸಾ, ಬೇಯೊ ಆ ಮರೀಯಾ.

7. ನೀನು, ನೀವು. ತೂ ನೀನು, ಉಸ್ತೆದ್ ನೀವು. ಆದರೆ ಉಸ್ತೆದ್ ಜೊತೆ ಬರುವುದು 'ಅವನು–ಅವಳು' ಕ್ರಿಯಾರೂಪ. ಅರ್ಜೆಂಟೀನಾ, ಉರುಗ್ವೆಯಲ್ಲಿ ತೂ ಬದಲು 'ಬೊಸ್' ಕೇಳಿಸುತ್ತದೆ. ತೂ ಎನ್ನುವಂಥವರು ಹಲವರಿದ್ದಾಗ ಬಳಸುವ 'ಬೊಸೊತ್ರೊಸ್' ರೂಪಗಳು ಸ್ಪೇನಿನವು. ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್ ಸಾಕೆನ್ನುವವರು ಕ್ರಿಯಾರೂಪಗಳ ಪಟ್ಟಿಯಲ್ಲಿ ಆ ಸಾಲನ್ನು ಧಾರಾಳವಾಗಿ ಬಿಟ್ಟುಬಿಡಿ.

8. ಭೂತಕಾಲ. ಎರಡಿವೆ ಎಂದು ಹೆದರಿಸುತ್ತಾರೆ. ಆಬ್ಲೇ ಎಂದರೆ ಮಾತಾಡಿದೆ, ಆಬ್ಲಾಬಾ ಎಂದರೆ ಮಾತಾಡುತ್ತಿದ್ದೆ. ಆರಂಭಕ್ಕೆ ಇಷ್ಟು ಹೊಂದಿಕೆ ಸಾಕು. ಇದಾದ ಮೇಲೆ 'ಸುಬ್ಹುಂತೀವೊ' ಎಂಬ ಹೆಸರು ಎದುರಾಗುತ್ತದೆ. ಆಸೆ, ಅನುಮಾನಗಳ ಕ್ರಿಯಾರೂಪ ಅದು. ಮೊದಲ ತಿಂಗಳಲ್ಲೇ ಅದನ್ನು ಕಲಿಸಲು ಹೊರಡುವ ಮೇಷ್ಟ್ರು ಸಿಕ್ಕರೆ ಬೇರೆ ಮೇಷ್ಟ್ರನ್ನು ಹುಡುಕಿಕೊಳ್ಳಿ.